ಸಣ್ಣ ಊರಿನ ಎಚ್ಚರಿಕೆ ಸೈರನ್ ಬದಲಿಸುವಾಗ ಆಯ್ಕೆ ಮಾಡುವುದು ಹೇಗೆ

ದಶಕಗಳ ಕಾಲ ಕಂಬದ ಮೇಲಿದ್ದ ಸೈರನ್ ಕೆಟ್ಟು ನಿಂತಾಗ, ಅಥವಾ ಅದು ಕೂಗಿದರೂ ಊರಿನ ಒಂದು ಮಗ್ಗುಲಿಗೆ ಕೇಳಿಸುತ್ತಿಲ್ಲ ಎಂಬ ದೂರು ಬಂದಾಗ, ಸ್ಥಳೀಯ ಆಡಳಿತದವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸವೆಂದರೆ ತಯಾರಕರಿಂದ ಕ್ಯಾಟಲಾಗ್ ತರಿಸಿಕೊಳ್ಳುವುದು. ಅದರ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಡೆಸಿಬೆಲ್ ಅಂಕಿ ಮುದ್ರಿತವಾಗಿರುತ್ತದೆ. ಅಲ್ಲಿಂದ ಮುಂದಿನ ಚರ್ಚೆಯೆಲ್ಲ ಯಾರ ಅಂಕಿ ದೊಡ್ಡದು ಎಂಬುದರ ಸುತ್ತಲೇ ನಡೆಯುತ್ತದೆ. ಈ ಕ್ರಮ ಸರಿಯಲ್ಲ. ಆಯ್ಕೆಯನ್ನು ಊರಿನ ನಕ್ಷೆಯಿಂದ ಆರಂಭಿಸಿ, ಬ್ಯಾಟರಿ ಮತ್ತು ನಿಯಂತ್ರಣ ಪೆಟ್ಟಿಗೆಯ ವಿವರಗಳಲ್ಲಿ ಮುಗಿಸಬೇಕು. ಸದ್ದು ಮಾಡುವ ಭಾಗ ಯಾವುದಿರಬೇಕೆಂಬ ಪ್ರಶ್ನೆ ಇವೆರಡರ ನಡುವೆ ಬರುತ್ತದೆ, ಮತ್ತು ನಿಜ ಹೇಳಬೇಕೆಂದರೆ ಮೂರರಲ್ಲಿ ಅದೇ ಸುಲಭದ ಪ್ರಶ್ನೆ.

ಎಲ್ಲಕ್ಕಿಂತ ಮೊದಲು ಒಂದು ಮಾತನ್ನು ಸಭೆಯಲ್ಲಿ ಸ್ಪಷ್ಟವಾಗಿ ಬರೆದಿಟ್ಟುಕೊಳ್ಳಬೇಕು. ಹೊರಾಂಗಣ ಸೈರನ್ ಇರುವುದು ಹೊರಗೆ ಇರುವವರಿಗಾಗಿ: ಹೊಲದಲ್ಲಿ ಕೆಲಸ ಮಾಡುವವರಿಗೆ, ಮೈದಾನದಲ್ಲಿ ಆಡುವ ಮಕ್ಕಳಿಗೆ, ಸಂತೆಯಲ್ಲಿ ಮತ್ತು ರಸ್ತೆಯಲ್ಲಿ ಇರುವವರಿಗೆ. ಕಿಟಕಿ ಬಾಗಿಲು ಮುಚ್ಚಿದ ಮನೆಯೊಂದು ಹೊರಗಿನ ಸದ್ದಿನಲ್ಲಿ 20 ಡೆಸಿಬೆಲ್‌ಗೂ ಹೆಚ್ಚನ್ನು ತಡೆಯಬಲ್ಲದು. ಒಳಗೆ ಟಿವಿಯೋ ಏರ್ ಕಂಡಿಷನರೋ ನಡೆಯುತ್ತಿದ್ದರೆ ಉಳಿದದ್ದೂ ಅದರಲ್ಲಿ ಮುಳುಗಿಹೋಗುತ್ತದೆ. ಮಲಗಿದವರನ್ನು ಎಬ್ಬಿಸುವುದು, ಕಿವಿ ಕೇಳದವರನ್ನು ತಲುಪುವುದು, ಏನಾಗಿದೆ ಎಂದು ವಿವರಿಸುವುದು ಇವೆಲ್ಲ ಮೊಬೈಲ್‌ಗೆ ಬರುವ ಸೆಲ್ ಬ್ರಾಡ್‌ಕಾಸ್ಟ್ ಸಂದೇಶ, ರೇಡಿಯೋ ಮತ್ತು ನೆರೆಹೊರೆಯ ಸ್ವಯಂಸೇವಕರಿಂದ ಆಗಬೇಕಾದ ಕೆಲಸಗಳು. ಈ ಮಿತಿಯನ್ನು ಒಪ್ಪಿಕೊಳ್ಳದ ಊರು ಮನೆಯೊಳಗೂ ಕೇಳಿಸಬೇಕೆಂಬ ಆಸೆಯಿಂದ ತನಗೆ ಬೇಕಾದ್ದಕ್ಕಿಂತ ದೊಡ್ಡ ಯಂತ್ರ ಕೊಳ್ಳುತ್ತದೆ. ಕೊಂಡ ಮೇಲೂ ಮನೆಯೊಳಗೆ ಕೇಳಿಸುವುದಿಲ್ಲ.

ಹಳೆಯದು ನಿಜವಾಗಿಯೂ ಮುಗಿದಿದೆಯೇ?

ಮೋಟಾರಿನಿಂದ ತಿರುಗುವ ಹಳೆಯ ಕಾಲದ ಸೈರನ್ ಬಹಳ ಸರಳ ಯಂತ್ರ. ಕಿಂಡಿಗಳಿರುವ ಒಂದು ಲೋಹದ ಚಕ್ರ, ಅದೇ ಬಗೆಯ ಕಿಂಡಿಗಳಿರುವ ಸ್ಥಿರ ಕವಚದೊಳಗೆ ವೇಗವಾಗಿ ತಿರುಗುತ್ತದೆ. ಕಿಂಡಿಗೆ ಕಿಂಡಿ ಎದುರಾದಾಗ ಗಾಳಿ ಹೊರಚಿಮ್ಮುತ್ತದೆ, ಗೋಡೆ ಎದುರಾದಾಗ ನಿಲ್ಲುತ್ತದೆ. ನಿಮಿಷಕ್ಕೆ ಸುಮಾರು 3,000 ಸುತ್ತು ತಿರುಗುವ ಚಕ್ರದಲ್ಲಿ 10 ಕಿಂಡಿಗಳಿದ್ದರೆ ಸೆಕೆಂಡಿಗೆ 500 ಬಾರಿ ಗಾಳಿ ಕತ್ತರಿಸಲ್ಪಟ್ಟು 500 ಹರ್ಟ್ಸ್‌ನ ಕೂಗು ಹುಟ್ಟುತ್ತದೆ. ಇಷ್ಟು ಸರಳವಾದ ಯಂತ್ರ ಅರ್ಧ ಶತಮಾನ ಬಾಳುವುದು ಅಚ್ಚರಿಯಲ್ಲ. ಆದ್ದರಿಂದ ಬದಲಿಸುವ ನಿರ್ಧಾರಕ್ಕೆ ಮುನ್ನ, ವಿದ್ಯುತ್ ಸಂಪರ್ಕ ತಪ್ಪಿಸಿ, ಮೋಟಾರು ರಿಪೇರಿ ಬಲ್ಲವರೊಬ್ಬರನ್ನು ಮೇಲೆ ಹತ್ತಿಸಿ ಚಕ್ರವನ್ನು ಕೈಯಲ್ಲಿ ತಿರುಗಿಸಿ ನೋಡಲು ಹೇಳಬೇಕು. ಚಕ್ರ ಸಲೀಸಾಗಿ ತಿರುಗಿ ನಿಧಾನವಾಗಿ ನಿಂತರೆ ಬೇರಿಂಗ್ ಚೆನ್ನಾಗಿದೆ ಎಂದರ್ಥ. ಕರಕರ ಎಂದು ತಡೆದು ನಿಂತರೆ ಬೇರಿಂಗ್ ಬದಲಿಸಬೇಕು. ಒಂದೇ ಜಾಗದಲ್ಲಿ ಕವಚಕ್ಕೆ ತಾಗುತ್ತಿದ್ದರೆ ಶಾಫ್ಟ್ ಬಾಗಿರಬಹುದು ಅಥವಾ ಕವಚ ತುಕ್ಕು ಹಿಡಿದು ಉಬ್ಬಿರಬಹುದು.

ಆಮೇಲೆ ಕೆಳಗಿನ ಪೆಟ್ಟಿಗೆಯನ್ನು ತೆರೆಯಬೇಕು. ಮೋಟಾರಿಗೆ ವಿದ್ಯುತ್ ಹರಿಸುವ ದೊಡ್ಡ ಸ್ವಿಚ್ಚಾದ ಕಾಂಟ್ಯಾಕ್ಟರಿನ ತುದಿಗಳು ಸುಟ್ಟು ಕಪ್ಪಾಗಿರುವುದು, ಕೇಬಲ್ ಪ್ರವೇಶಿಸುವ ರಂಧ್ರದಿಂದ ಇಲಿ ನುಗ್ಗಿ ತಂತಿಯ ಹೊದಿಕೆ ಕಡಿದಿರುವುದು, ಕಣಜ ಗೂಡು ಕಟ್ಟಿರುವುದು, ಬ್ಯಾಟರಿ ಇದ್ದರೆ ಅದರ ತುದಿಯಲ್ಲಿ ಬಿಳಿ ಹಸಿರು ಪುಡಿ ಕಟ್ಟಿರುವುದು ಇವೆಲ್ಲ ಸಾಮಾನ್ಯವಾಗಿ ಕಾಣುವ ದೋಷಗಳು. ಇವುಗಳಲ್ಲಿ ಯಾವುದೂ ಸೈರನ್ ಬದಲಿಸಲು ಕಾರಣವಲ್ಲ. ಬದಲಿಸಲು ಸಾಕಷ್ಟು ಬಲವಾದ ಕಾರಣಗಳು ಮೂರು: ಬಿಡಿಭಾಗ ಎಲ್ಲಿಯೂ ಸಿಗದಿರುವುದು, ವಿದ್ಯುತ್ ಹೋದಾಗ ಕೆಲಸ ಮಾಡದಿರುವುದು, ಮತ್ತು ಊರು ಬೆಳೆದು ಸೈರನ್‌ನ ವ್ಯಾಪ್ತಿಯಾಚೆ ಹೋಗಿರುವುದು. ಮೂರನೆಯದು ಮಾತ್ರ ಇದ್ದರೆ, ಹಳೆಯದನ್ನು ಕೀಳುವುದಕ್ಕಿಂತ ಹೊಸ ಬಡಾವಣೆಯ ಬಳಿ ಎರಡನೆಯದೊಂದನ್ನು ನಿಲ್ಲಿಸುವುದು ಹಲವು ಬಾರಿ ಜಾಣತನ.

ನಕ್ಷೆ ಮತ್ತು ಡೆಸಿಬೆಲ್

ಹೊರಾಂಗಣ ಸೈರನ್‌ಗಳ ಸದ್ದನ್ನು ವಾಡಿಕೆಯಾಗಿ 100 ಅಡಿ, ಅಂದರೆ ಸುಮಾರು 30 ಮೀಟರ್ ದೂರದಲ್ಲಿ, ತಗ್ಗಿನ ದನಿಯನ್ನೂ ಹೆಚ್ಚುಕಡಿಮೆ ಪೂರ್ತಿ ಲೆಕ್ಕಕ್ಕೆ ಹಿಡಿಯುವ ಸಿ-ವೇಟಿಂಗ್ ಎಂಬ ಮಾಪನದಲ್ಲಿ ಹೇಳುತ್ತಾರೆ. ಅಲ್ಲಿಂದ ಮುಂದೆ ಸದ್ದು ಎಷ್ಟು ಬೇಗ ಕುಗ್ಗುತ್ತದೆ ಎಂಬುದರ ಮೇಲೆ ಇಡೀ ಲೆಕ್ಕ ನಿಂತಿದೆ. ಅಡ್ಡಿಯೇ ಇಲ್ಲದ ಬಯಲಿನಲ್ಲಿ, ಸಿದ್ಧಾಂತದ ಪ್ರಕಾರ, ದೂರ ಎರಡರಷ್ಟಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತದೆ. ಮರ, ಕಟ್ಟಡ, ನೆಲ, ಗಾಳಿ ಎಲ್ಲವೂ ಇರುವ ನಿಜವಾದ ಊರಿಗೆ ಯೋಜಕರು 10 ಡೆಸಿಬೆಲ್ ಎಂದು ಹಿಡಿಯುತ್ತಾರೆ. ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆ ಫೀಮಾ 1980ರಲ್ಲಿ ಹೊರತಂದ ಹೊರಾಂಗಣ ಎಚ್ಚರಿಕೆ ವ್ಯವಸ್ಥೆಗಳ ಮಾರ್ಗದರ್ಶಿಯಿಂದ ಈ ರೂಢಿ ವ್ಯಾಪಕವಾಯಿತು. ಜನ ವಾಸಿಸುವ ಕಡೆ ಕನಿಷ್ಠ 70 ಡೆಸಿಬೆಲ್ ತಲುಪಬೇಕು, ಸುತ್ತಲಿನ ಗದ್ದಲಕ್ಕಿಂತ ಸುಮಾರು 10 ಡೆಸಿಬೆಲ್ ಮೇಲಿರಬೇಕು ಎಂಬುದೂ ಅದೇ ಬಗೆಯ ರೂಢಿ.

ಈ ಸೂತ್ರದಿಂದ ಲೆಕ್ಕ ಹಾಕಿ ನೋಡೋಣ. 30 ಮೀಟರ್‌ನಲ್ಲಿ 125 ಡೆಸಿಬೆಲ್ ಕೊಡುವ ಸೈರನ್ 60 ಮೀಟರ್‌ನಲ್ಲಿ 115, 120 ಮೀಟರ್‌ನಲ್ಲಿ 105, 240 ಮೀಟರ್‌ನಲ್ಲಿ 95, 480 ಮೀಟರ್‌ನಲ್ಲಿ 85, 960 ಮೀಟರ್‌ನಲ್ಲಿ 75 ಡೆಸಿಬೆಲ್‌ಗೆ ಇಳಿದು, ಸುಮಾರು 1,360 ಮೀಟರ್‌ನಲ್ಲಿ 70ಕ್ಕೆ ಬರುತ್ತದೆ. 115 ಡೆಸಿಬೆಲ್ ಸೈರನ್‌ಗೆ ಅದೇ 70ರ ಗೆರೆ 680 ಮೀಟರ್‌ನಲ್ಲೇ ಬಂದುಬಿಡುತ್ತದೆ. ಅಂದರೆ 10 ಡೆಸಿಬೆಲ್ ಕಡಿಮೆಯಾದರೆ ತ್ರಿಜ್ಯ ಅರ್ಧವಾಗುತ್ತದೆ, ವಿಸ್ತೀರ್ಣ ಕಾಲು ಭಾಗಕ್ಕೆ ಇಳಿಯುತ್ತದೆ. ಮೊದಲನೆಯದು ಸುಮಾರು 5.8 ಚದರ ಕಿಲೋಮೀಟರ್ ಆವರಿಸಿದರೆ ಎರಡನೆಯದು 1.45 ಚದರ ಕಿಲೋಮೀಟರ್ ಮಾತ್ರ.

ಮಾರಾಟ ಪ್ರತಿನಿಧಿ ತೋರಿಸುವ ವರ್ಣರಂಜಿತ ವ್ಯಾಪ್ತಿ ನಕ್ಷೆಯನ್ನು ಕಂಡಾಗ ಕೇಳಬೇಕಾದ ಪ್ರಶ್ನೆ ಇಲ್ಲಿಯೇ ಇದೆ: ದೂರ ಎರಡರಷ್ಟಾದಾಗ ಎಷ್ಟು ಡೆಸಿಬೆಲ್ ಇಳಿಯುತ್ತದೆಂದು ಹಿಡಿದಿದ್ದೀರಿ? 10ರ ಬದಲು 8 ಎಂದು ಹಿಡಿದರೆ ಅದೇ 125 ಡೆಸಿಬೆಲ್ ಯಂತ್ರದ ತ್ರಿಜ್ಯ ಕಾಗದದ ಮೇಲೆ 1.36 ಕಿಲೋಮೀಟರಿನಿಂದ ಸುಮಾರು 3.5 ಕಿಲೋಮೀಟರಿಗೆ ಹಿಗ್ಗುತ್ತದೆ. 6 ಎಂದು ಹಿಡಿದರೆ 17 ಕಿಲೋಮೀಟರ್ ಆಗಿಬಿಡುತ್ತದೆ. ಯಂತ್ರ ಬದಲಾಗಿಲ್ಲ, ಊಹೆ ಮಾತ್ರ ಬದಲಾಗಿದೆ. ಆದ್ದರಿಂದ ಎಲ್ಲ ತಯಾರಕರೂ ಒಂದೇ ಊಹೆಯ ಮೇಲೆ, ಒಂದೇ 70 ಡೆಸಿಬೆಲ್ ಗೆರೆಯನ್ನು ಎಳೆದು ತೋರಿಸಬೇಕೆಂದು ಟೆಂಡರಿನಲ್ಲೇ ಬರೆಯುವುದು ಒಳ್ಳೆಯದು. ಹಾಗೆಯೇ ಕ್ಯಾಟಲಾಗಿನ ಅಂಕಿ ನಿಜವಾಗಿ ಅಳೆದದ್ದೇ, ಲೆಕ್ಕ ಹಾಕಿದ್ದೇ, ಸ್ವತಂತ್ರ ಪ್ರಯೋಗಾಲಯ ಅಳೆದ ವರದಿ ಇದೆಯೇ ಎಂಬುದನ್ನೂ ಕೇಳಬೇಕು.

ನಕ್ಷೆಯ ಮೇಲೆ ವೃತ್ತ ಎಳೆಯುವಾಗ ನೆನಪಿಡಬೇಕಾದ ಸಂಗತಿ, ಊರಿನ ಸದ್ದು ವೃತ್ತಾಕಾರವಾಗಿ ಹರಡುವುದಿಲ್ಲ ಎಂಬುದು. ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ಹೋಗುವ ಸದ್ದು ಮೇಲಕ್ಕೆ ಬಾಗಿ ನೆಲದ ಮೇಲೆ ನಿಶ್ಶಬ್ದದ ಪಟ್ಟಿಯೊಂದು ಉಂಟಾಗುತ್ತದೆ. ಗಾಳಿಯ ಜೊತೆಗೆ ಹೋಗುವ ಸದ್ದು ಕೆಳಕ್ಕೆ ಬಾಗಿ ದೂರ ತಲುಪುತ್ತದೆ. ಬಿಸಿಲಿನ ಮಧ್ಯಾಹ್ನ ನೆಲದ ಬಳಿಯ ಗಾಳಿ ಕಾದಿರುವಾಗಲೂ ಸದ್ದು ಮೇಲಕ್ಕೆ ಬಾಗುತ್ತದೆ, ತಂಪಾದ ರಾತ್ರಿಯಲ್ಲಿ ಇದಕ್ಕೆ ವಿರುದ್ಧ. ಯಾವ ಅಪಾಯಕ್ಕಾಗಿ ಸೈರನ್ ಬೇಕೋ ಆ ಅಪಾಯ ಬರುವ ಹೊತ್ತಿನಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂಬುದು ಊರಿನ ಹಿರಿಯರಿಗೆ ಗೊತ್ತಿರುತ್ತದೆ. ಅದನ್ನು ವಿಚಾರಿಸಿ, ಸೈರನ್ ಅನ್ನು ನಡು ಊರಿಗಿಂತ ತುಸು ಆ ಕಡೆಗೇ ಸರಿಸುವುದು ಲಾಭಕರ. ಗುಡ್ಡದ ಮರೆಯಲ್ಲಿರುವ ಕೇರಿಗೆ ಎಷ್ಟು ದೊಡ್ಡ ಯಂತ್ರ ತಂದರೂ ಪ್ರಯೋಜನವಿಲ್ಲ. ಅಲ್ಲಿಗೆ ಬೇರೆಯದೇ ಸಣ್ಣದೊಂದು ಬೇಕು.

ಮೋಟಾರಿನದೋ, ಎಲೆಕ್ಟ್ರಾನಿಕ್‌ನದೋ

ಮಾರುಕಟ್ಟೆಯಲ್ಲಿ ಎರಡು ಕುಲಗಳಿವೆ. ಒಂದು ಮೇಲೆ ಹೇಳಿದ ತಿರುಗುವ ಚಕ್ರದ ಸೈರನ್, ಈಗ ಅದು ಬ್ಯಾಟರಿಯಿಂದ ನಡೆಯುವ ಮೋಟಾರಿನೊಂದಿಗೂ ಬರುತ್ತದೆ. ಇನ್ನೊಂದು ಆಂಪ್ಲಿಫೈಯರ್ ಮತ್ತು ಹಾರ್ನ್ ಸ್ಪೀಕರ್‌ಗಳ ಎಲೆಕ್ಟ್ರಾನಿಕ್ ಸೈರನ್. ಇದು ಹಲವು ಬಗೆಯ ಕೂಗುಗಳನ್ನು ಹೊರಡಿಸುವುದರ ಜೊತೆಗೆ ಮಾತನ್ನೂ ಬಿತ್ತರಿಸುತ್ತದೆ.

ಮಾತು ಬಿತ್ತರಿಸಬಹುದೆಂಬುದೇ ಎಲೆಕ್ಟ್ರಾನಿಕ್ ಸೈರನ್‌ನ ದೊಡ್ಡ ಆಕರ್ಷಣೆ. ಅದು ನಿಜವಾಗಿ ಉಪಯೋಗಕ್ಕೆ ಬರುವ ಜಾಗಗಳೂ ಇವೆ: ಅಣೆಕಟ್ಟಿನ ಕೆಳಗಿನ ಸ್ನಾನಘಟ್ಟ, ಸಮುದ್ರ ತೀರ, ಶಾಲೆಯ ಆವರಣ, ರಾಸಾಯನಿಕ ಕಾರ್ಖಾನೆಯ ಸುತ್ತಮುತ್ತ. ಆದರೆ ಮಾತು ಅರ್ಥವಾಗುವ ದೂರ, ಕೂಗು ಕೇಳಿಸುವ ದೂರಕ್ಕಿಂತ ಬಹಳ ಕಡಿಮೆ. ಇದಕ್ಕೆ ಸದ್ದಿನ ವೇಗವೂ ಒಂದು ಕಾರಣ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಒಬ್ಬರು ಒಂದು ಸೈರನ್‌ನಿಂದ 340 ಮೀಟರ್, ಇನ್ನೊಂದರಿಂದ 1,020 ಮೀಟರ್ ದೂರದಲ್ಲಿ ನಿಂತಿದ್ದರೆ ಒಂದೇ ವಾಕ್ಯ ಅವರಿಗೆ 2 ಸೆಕೆಂಡ್ ಅಂತರದಲ್ಲಿ ಎರಡು ಬಾರಿ ಬಂದು ಒಂದರ ಮೇಲೊಂದು ಬೀಳುತ್ತದೆ. ಕಟ್ಟಡಗಳ ಪ್ರತಿಧ್ವನಿ ಸೇರಿದರೆ ‘ಮೇಲೆ ಹೋಗಿ’ ಎಂದದ್ದೋ ‘ಒಳಗೆ ಹೋಗಿ’ ಎಂದದ್ದೋ ತಿಳಿಯದ ಸ್ಥಿತಿ. ಒಂದೇ ಸೈರನ್ ಇರುವ, ಮಾತಿಗೆ ನಿರ್ದಿಷ್ಟ ಉಪಯೋಗವಿಲ್ಲದ ಸಣ್ಣ ಊರಿಗೆ ನನ್ನ ಶಿಫಾರಸು ಬ್ಯಾಟರಿ ಇರುವ ಮೋಟಾರು ಸೈರನ್ನೇ. ಅದರ ತಗ್ಗಿನ ದನಿ ದೂರ ಸಾಗುತ್ತದೆ, ಏಕೆಂದರೆ ಗಾಳಿಯು ಎತ್ತರದ ದನಿಯನ್ನು ಹೆಚ್ಚು ಹೀರಿಕೊಳ್ಳುತ್ತದೆ. ವಯಸ್ಸಾದವರ ಕಿವಿಯೂ ಮೊದಲು ಕಳೆದುಕೊಳ್ಳುವುದು ಎತ್ತರದ ದನಿಯನ್ನೇ. ಆದರೆ ಅದರಲ್ಲಿ ಸವೆಯುವ ಭಾಗಗಳಿವೆ ಎಂಬುದನ್ನು ಮರೆಯಬಾರದು. ಎಲೆಕ್ಟ್ರಾನಿಕ್ ಸೈರನ್‌ನಲ್ಲಿ ಒಂದು ಸ್ಪೀಕರ್ ಸುಟ್ಟರೆ ಉಳಿದವು ಕೂಗುತ್ತವೆ. ಮೋಟಾರು ಸುಟ್ಟರೆ ಮೌನವೇ ಗತಿ.

ತಿರುಗುತ್ತಾ ಒಂದೊಂದು ದಿಕ್ಕಿಗೆ ಸದ್ದು ಎಸೆಯುವ ಮಾದರಿ ಬೇಕೋ, ಎಲ್ಲ ದಿಕ್ಕಿಗೂ ಒಮ್ಮೆಲೇ ಕೂಗುವ ಮಾದರಿ ಬೇಕೋ ಎಂಬುದು ಇನ್ನೊಂದು ಆಯ್ಕೆ. ತಿರುಗುವ ಹಾರ್ನ್ ಅದೇ ಶಕ್ತಿಯನ್ನು ಒಂದೆಡೆ ಕೂಡಿಸುವುದರಿಂದ ಹೆಚ್ಚು ದೂರ ತಲುಪುತ್ತದೆ, ಆದರೆ ತಿರುಗಿಸುವ ಗೇರು ಮತ್ತು ಸಣ್ಣ ಮೋಟಾರು ಕೆಡಬಹುದಾದ ಇನ್ನೊಂದು ಜಾಗ. ಅದು ಕೆಟ್ಟು ನಿಂತರೆ ಹಾರ್ನ್ ಯಾವ ಕಡೆ ಮುಖ ಮಾಡಿದೆಯೋ ಅಷ್ಟಕ್ಕೇ ಎಚ್ಚರಿಕೆ ಸಿಗುತ್ತದೆ.

ವಿದ್ಯುತ್ತು

ಎಚ್ಚರಿಕೆ ಬೇಕಾಗುವ ಹೊತ್ತಿನಲ್ಲೇ ವಿದ್ಯುತ್ ಹೋಗುತ್ತದೆ. ಬಿರುಗಾಳಿ, ಪ್ರವಾಹ, ಭೂಕಂಪ ಯಾವುದೂ ತಂತಿಗಳನ್ನು ಬಿಟ್ಟು ಬರುವುದಿಲ್ಲ. ಆದ್ದರಿಂದ ನೇರವಾಗಿ ತ್ರೀ ಫೇಸ್ ಲೈನಿನಿಂದ ಮಾತ್ರ ನಡೆಯುವ ಸೈರನ್ ಎಷ್ಟು ಅಗ್ಗವಾಗಿ ಸಿಕ್ಕರೂ ಬೇಡ. ಬ್ಯಾಟರಿಯಿಂದಲೇ ಯಾವಾಗಲೂ ನಡೆಯುವ, ಲೈನಿನ ವಿದ್ಯುತ್ತು ಬ್ಯಾಟರಿಯನ್ನು ಚಾರ್ಜ್ ಮಾಡುವುದಕ್ಕಷ್ಟೇ ಬಳಕೆಯಾಗುವ ವ್ಯವಸ್ಥೆ ಲೇಸು. ಇದಕ್ಕೆ ಸಿಂಗಲ್ ಫೇಸ್ ಸಾಕು, ಲೈನ್ ತಲುಪದ ಕಡೆ ಸೌರ ಫಲಕವೂ ಸಾಕಾಗಬಹುದು. ಇದರಿಂದ ಇನ್ನೊಂದು ಉಪಕಾರವಿದೆ: ಪ್ರತಿ ಪರೀಕ್ಷೆಯೂ ಬ್ಯಾಟರಿಯ ಪರೀಕ್ಷೆಯೇ ಆಗಿರುತ್ತದೆ.

ವಿದ್ಯುತ್ ಹೋಗಿ ಒಂದು ದಿನ ಕಳೆದ ಮೇಲೂ ಪೂರ್ಣ ದನಿಯಲ್ಲಿ ಒಟ್ಟು ಎಷ್ಟು ನಿಮಿಷ ಕೂಗಬಲ್ಲದು ಎಂಬುದನ್ನು ತಯಾರಕರು ಬರೆದುಕೊಡಬೇಕು. ನನ್ನ ಮಟ್ಟಿಗೆ 15 ನಿಮಿಷಕ್ಕಿಂತ ಕಡಿಮೆಯದನ್ನು ಪರಿಗಣಿಸಬಾರದು. ಲೆಡ್ ಆಸಿಡ್ ಬ್ಯಾಟರಿ 3ರಿಂದ 5 ವರ್ಷಕ್ಕೆ ಬದಲಾಗಬೇಕಾದ ವಸ್ತು. ಬಿಸಿಲಿಗೆ ಮುಖ ಮಾಡಿದ ಕಬ್ಬಿಣದ ಪೆಟ್ಟಿಗೆಯೊಳಗೆ ಅದರ ಆಯಸ್ಸು ಇನ್ನೂ ಕುಗ್ಗುತ್ತದೆ: 25 ಡಿಗ್ರಿಗಿಂತ ಮೇಲೆ ಪ್ರತಿ 10 ಡಿಗ್ರಿ ಏರಿಕೆಗೆ ಆಯಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ ಎಂಬುದು ಬ್ಯಾಟರಿ ಕೆಲಸದವರ ಲೆಕ್ಕ. ತೀವ್ರ ಚಳಿಯ ಊರಿನಲ್ಲಿ ಆಯಸ್ಸಿನ ಬದಲು ಸಾಮರ್ಥ್ಯ ಕುಸಿಯುತ್ತದೆ. ಆದ್ದರಿಂದ ಪೆಟ್ಟಿಗೆ ತಿಳಿ ಬಣ್ಣದ್ದಿರಲಿ, ನೆರಳಿನ ಕಡೆಗಿರಲಿ, ಗಾಳಿಯಾಡುವಂತಿರಲಿ. ಮುಂದಿನ 15 ವರ್ಷಗಳಲ್ಲಿ ಬ್ಯಾಟರಿ ಬದಲಿಸುವ ವೆಚ್ಚವನ್ನು ಖರೀದಿ ಬೆಲೆಯೊಂದಿಗೇ ಕೂಡಿಸಿ ಹೋಲಿಸಬೇಕು. ಹೀಗೆ ಕೂಡಿಸಿದಾಗ, ಯಾರ ಬೆಲೆ ಕಡಿಮೆ ಎಂಬ ಪಟ್ಟಿ ತಲೆಕೆಳಗಾಗುವುದುಂಟು.

ಯಾರು ಒತ್ತುತ್ತಾರೆ, ಒತ್ತಿದ್ದು ತಲುಪಿತೇ

ಹೆಚ್ಚಿನ ಸೈರನ್‌ಗಳು ರೇಡಿಯೋ ಸಂಕೇತದಿಂದ ಚಾಲೂ ಆಗುತ್ತವೆ. ಹಳೆಯ ವ್ಯವಸ್ಥೆಗಳಲ್ಲಿ ಈ ಸಂಕೇತವು ಟೆಲಿಫೋನಿನ ಗುಂಡಿಗಳ ದನಿಯಂಥ ಕೆಲವು ಸ್ವರಗಳ ಸಾಲು ಮಾತ್ರ. ಆ ತರಂಗಾಂತರದಲ್ಲಿ ಕಿವಿಗೊಟ್ಟವರು ಅದನ್ನು ಧ್ವನಿಮುದ್ರಿಸಿಕೊಂಡು ಮತ್ತೆ ಬಿತ್ತರಿಸಬಹುದು. 2017ರ ಏಪ್ರಿಲ್ 7ರ ರಾತ್ರಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಅಪರಿಚಿತರು ಕಳಿಸಿದ ರೇಡಿಯೋ ಸಂಕೇತದಿಂದ 156 ಸೈರನ್‌ಗಳು ಒಟ್ಟಿಗೆ ಕೂಗಲಾರಂಭಿಸಿ, ಒಂದು ಗಂಟೆಗೂ ಹೆಚ್ಚು ಕಾಲ ಮತ್ತೆ ಮತ್ತೆ ಕೂಗಿದವು. ಇಂದು ಕೊಳ್ಳುವ ಯಾವ ಸೈರನ್‌ಗೂ ಗೂಢಲಿಪಿಯಲ್ಲಿ ಹೋಗುವ ಮತ್ತು ಪ್ರತಿ ಬಾರಿ ಬದಲಾಗುವ ಸಂಕೇತ ಇರಲೇಬೇಕು. ಇದು ಹೆಚ್ಚುವರಿ ಹಣಕ್ಕೆ ಕೊಡುವ ಸೌಲಭ್ಯವಾಗಬಾರದು, ಮೂಲ ಷರತ್ತಾಗಬೇಕು.

ಇದಕ್ಕೆ ಸಮನಾದ ಇನ್ನೊಂದು ಷರತ್ತು, ಸೈರನ್ ತಿರುಗಿ ಉತ್ತರ ಕೊಡಬೇಕೆಂಬುದು. ಆಜ್ಞೆ ಹೋಯಿತು ಎಂದು ಪರದೆಯ ಮೇಲೆ ಕಂಡರೆ ಸಾಲದು. ಮೋಟಾರಿಗೆ ಕರೆಂಟ್ ಹರಿಯಿತೇ, ಹಾರ್ನ್ ತಿರುಗಿತೇ, ಬ್ಯಾಟರಿಯ ವೋಲ್ಟೇಜ್ ಎಷ್ಟಿದೆ, ಲೈನ್ ಇದೆಯೇ, ಪೆಟ್ಟಿಗೆಯ ಬಾಗಿಲು ಯಾರಾದರೂ ತೆಗೆದರೇ ಎಂಬುದೆಲ್ಲ ನಿಯಂತ್ರಣ ಕೊಠಡಿಗೆ ತಿಳಿಯಬೇಕು. ರೇಡಿಯೋ ಜೊತೆಗೆ ಎರಡನೆಯ ದಾರಿಯೊಂದು, ಮೊಬೈಲ್ ಜಾಲದ್ದಾದರೂ ಸರಿ, ಇರಬೇಕು. ಎಲ್ಲವೂ ಕೈಕೊಟ್ಟಾಗ ಕಂಬದ ಬುಡದಲ್ಲೇ ಬೀಗ ತೆಗೆದು ಒತ್ತುವ ಗುಂಡಿಯೂ ಇರಬೇಕು. ಆ ಬೀಗದ ಕೀಲಿ ಯಾರ ಬಳಿ ಇರುತ್ತದೆ, ಒತ್ತುವ ಅಧಿಕಾರ ಯಾರದು, ಅವರು ಊರಲ್ಲಿಲ್ಲದಾಗ ಯಾರದು ಎಂಬುದನ್ನು ಸೈರನ್ ಬರುವ ಮೊದಲೇ ನಿರ್ಣಯಿಸಿ ಬರೆದಿಡಬೇಕು.

ಕೂಗಿನ ಅರ್ಥವನ್ನೂ ಆಗಲೇ ಗೊತ್ತುಮಾಡಬೇಕು. 2023ರ ಆಗಸ್ಟ್‌ನಲ್ಲಿ ಹವಾಯಿಯ ಮಾವಿ ದ್ವೀಪದ ಲಹೈನಾ ಊರನ್ನು ಕಾಳ್ಗಿಚ್ಚು ಸುಟ್ಟಾಗ ಅಲ್ಲಿಯ ಸೈರನ್‌ಗಳನ್ನು ಕೂಗಿಸಲಿಲ್ಲ. ಸೈರನ್ ಎಂದರೆ ಸುನಾಮಿ ಎಂದು ಜನ ತಿಳಿದಿದ್ದಾರೆ, ಕೇಳಿದರೆ ಬೆಂಕಿಯಿದ್ದ ಗುಡ್ಡದ ಕಡೆಗೇ ಓಡಬಹುದು ಎಂಬುದು ಅಧಿಕಾರಿಗಳು ಕೊಟ್ಟ ಕಾರಣ. ಆ ನಿರ್ಧಾರದ ಬಗ್ಗೆ ಅಭಿಪ್ರಾಯಗಳು ಏನೇ ಇರಲಿ, ನಾಲ್ಕಾರು ಬಗೆಯ ಕೂಗುಗಳಿಗೆ ನಾಲ್ಕಾರು ಅರ್ಥ ಹಚ್ಚುವ ಉತ್ಸಾಹ ಸಣ್ಣ ಊರಿಗೆ ಬೇಡವೆಂದೇ ನನಗೆ ತೋರುತ್ತದೆ. ಆಪತ್ತಿನಲ್ಲಿ ಯಾರೂ ಕೂಗಿನ ಏರಿಳಿತವನ್ನು ಎಣಿಸುತ್ತಾ ನಿಲ್ಲುವುದಿಲ್ಲ. ಒಂದೇ ಕೂಗು, ಒಂದೇ ಅರ್ಥ: ಸುರಕ್ಷಿತ ಜಾಗಕ್ಕೆ ಸರಿಯಿರಿ, ಏನಾಗಿದೆ ಎಂಬುದನ್ನು ಮೊಬೈಲ್ ಅಥವಾ ರೇಡಿಯೋದಲ್ಲಿ ತಿಳಿಯಿರಿ.

ಕಂಬ

ಹಳೆಯ ಕಂಬದ ಮೇಲೇ ಹೊಸ ಸೈರನ್ ಕೂರಿಸಿ ಹಣ ಉಳಿಸುವ ಯೋಚನೆ ಎಲ್ಲ ಕಡೆಯೂ ಬರುತ್ತದೆ. ಹೊಸದರ ತೂಕವನ್ನಷ್ಟೇ ನೋಡದೆ, ಗಾಳಿಗೆ ಅದು ಒಡ್ಡುವ ಮೈಯನ್ನೂ ನೋಡಬೇಕು. ಸಾಲಾಗಿ ಪೇರಿಸಿದ ಎಲೆಕ್ಟ್ರಾನಿಕ್ ಹಾರ್ನ್‌ಗಳು ಹಳೆಯ ಮೋಟಾರಿಗಿಂತ ಹಗುರವಾಗಿದ್ದರೂ ಬಿರುಗಾಳಿಯಲ್ಲಿ ಕಂಬವನ್ನು ಹೆಚ್ಚು ಬಗ್ಗಿಸಬಹುದು. ಮರದ ಕಂಬ ಕೊಳೆಯುವುದು ನೆಲಮಟ್ಟದಲ್ಲಿ. ಬುಡದ ಮಣ್ಣು ಒಂದಡಿ ಬಿಡಿಸಿ, ಸುತ್ತಿಗೆಯಿಂದ ತಟ್ಟಿ ಟೊಳ್ಳು ಸದ್ದು ಬರುತ್ತದೆಯೇ ಎಂದು ನೋಡಬೇಕು. ಹೊಸ ಕಂಬವಾದರೆ ಉದ್ದದ ಹತ್ತನೆಯ ಒಂದು ಭಾಗ ಮತ್ತು ಅದರ ಮೇಲೆ 60 ಸೆಂಟಿಮೀಟರ್ ನೆಲದಲ್ಲಿರಬೇಕೆಂಬುದು ಲೈನ್ ಕೆಲಸದ ವಾಡಿಕೆ. 15 ಮೀಟರ್ ಕಂಬಕ್ಕೆ 2.1 ಮೀಟರ್ ಗುಂಡಿ. ಸಡಿಲ ಮಣ್ಣಿನಲ್ಲಿ ಇನ್ನೂ ಆಳ ಬೇಕು. ಸೈರನ್ ಸುಮಾರು 12ರಿಂದ 15 ಮೀಟರ್ ಎತ್ತರದಲ್ಲಿದ್ದರೆ ಸದ್ದು ಮನೆಗಳ ಸೂರನ್ನು ದಾಟಿ ಹೋಗುತ್ತದೆ, ಕೆಳಗೆ ನಿಂತವರ ಕಿವಿಗೂ ಅಪಾಯ ಕಡಿಮೆ. ಜನ ಓಡಾಡುವ ಜಾಗದಲ್ಲಿ 123 ಡೆಸಿಬೆಲ್ ಮೀರಬಾರದೆಂದು ಮೇಲೆ ಹೇಳಿದ ಫೀಮಾದ ಹಳೆಯ ಮಾರ್ಗದರ್ಶಿಯೇ ಹೇಳುತ್ತದೆ. ಶಾಲೆಯ ಮಾಳಿಗೆಯ ಮೇಲೆ ಸೈರನ್ ಹಾಕುವ ಪ್ರಸ್ತಾವ ಬಂದರೆ ಈ ಅಂಕಿಯನ್ನು ನೆನಪಿಸಬೇಕು. ಅರ್ಥಿಂಗ್ ಮತ್ತು ಸಿಡಿಲಿನ ಏರುವಿದ್ಯುತ್ತಿಗೆ ಸರ್ಜ್ ಅರೆಸ್ಟರ್ ಇಲ್ಲದೆ ಯಾವ ನಿಯಂತ್ರಣ ಪೆಟ್ಟಿಗೆಯೂ ಬಹುಕಾಲ ಉಳಿಯದು. ಹಾರ್ನ್ ಬಾಯಿಗೆ ಹಕ್ಕಿ ಗೂಡು ಕಟ್ಟದಂತೆ ಜಾಲರಿಯೂ ಇರಲಿ.

ಒಪ್ಪಂದ ಮತ್ತು ಪರೀಕ್ಷೆ

ಬಿಲ್ಲಿನ ಒಂದು ಭಾಗವನ್ನು ಅಂತಿಮ ಪರೀಕ್ಷೆಯವರೆಗೆ ತಡೆಹಿಡಿಯುವ ಷರತ್ತು ಒಪ್ಪಂದದಲ್ಲಿರಬೇಕು. ಆ ಪರೀಕ್ಷೆ ಕಂಬದ ಬುಡದಲ್ಲಿ ನಡೆದರೆ ಅರ್ಥವಿಲ್ಲ. ಊರಿನ ಅಂಚಿನ ಮನೆಗಳ ಬಳಿ, ನಕ್ಷೆಯಲ್ಲಿ ಮೊದಲೇ ಗುರುತಿಸಿದ ಹತ್ತಾರು ಜಾಗಗಳಲ್ಲಿ, ಸಿ-ವೇಟಿಂಗ್‌ನಲ್ಲಿಟ್ಟ ಸೌಂಡ್ ಮೀಟರಿನಿಂದ ಏಕಕಾಲಕ್ಕೆ ಅಳೆಯಬೇಕು, ಆ ಹೊತ್ತಿನ ಗಾಳಿಯ ದಿಕ್ಕು ಮತ್ತು ವೇಗವನ್ನೂ ಬರೆಯಬೇಕು. ಲೈನಿನ ಫ್ಯೂಸ್ ತೆಗೆದು, ಒಂದು ದಿನ ಬಿಟ್ಟು, ಬ್ಯಾಟರಿಯಿಂದಲೇ ಕೂಗಿಸುವುದು ಪರೀಕ್ಷೆಯ ಎರಡನೆಯ ಭಾಗ. ತಯಾರಕರ ಪ್ರತಿನಿಧಿ ಹೊರಟುಹೋಗುವ ಮೊದಲು ಊರಿನ ಇಬ್ಬರಾದರೂ ಬ್ಯಾಟರಿ ಬದಲಿಸುವುದನ್ನು ತಾವೇ ಕೈಯಿಂದ ಮಾಡಿ ಕಲಿತಿರಬೇಕು.

ನಂತರದ ವಾಡಿಕೆಯ ಪರೀಕ್ಷೆಗೆ ದಿನ ಮತ್ತು ಗಂಟೆ ನಿಗದಿಯಾಗಿದ್ದರೆ ಜನ ಗಾಬರಿಯಾಗುವುದಿಲ್ಲ. ಫ್ರಾನ್ಸ್‌ನಲ್ಲಿ ತಿಂಗಳ ಮೊದಲ ಬುಧವಾರ ಮಧ್ಯಾಹ್ನ, ನೆದರ್ಲೆಂಡ್ಸ್‌ನಲ್ಲಿ ಮೊದಲ ಸೋಮವಾರ ಮಧ್ಯಾಹ್ನ ಸೈರನ್ ಕೂಗುವುದು ಜನರಿಗೆ ರೂಢಿಯಾಗಿದೆ. ನಡುವಿನ ವಾರಗಳಲ್ಲಿ ಮೋಟಾರನ್ನು ಒಂದು ಸೆಕೆಂಡಿಗಿಂತ ಕಡಿಮೆ ಕಾಲ ಚಾಲೂ ಮಾಡಿ, ಚಕ್ರ ಬರೀ ಗುರುಗುಟ್ಟಿ ನಿಲ್ಲುವಂತೆ ನೋಡಬಹುದು. ಎಲೆಕ್ಟ್ರಾನಿಕ್ ಮಾದರಿಗಳಲ್ಲಿ ಕಿವಿಗೆ ಕೇಳದ ದನಿಯಿಂದ ಸ್ಪೀಕರ್‌ಗಳನ್ನು ಪರೀಕ್ಷಿಸುವ ಸೌಲಭ್ಯವಿರುತ್ತದೆ. ಹಳೆಯ ಸೈರನ್‌ನ ಸಂಪರ್ಕವನ್ನು ಹೊಸದು ಅಂತಿಮ ಪರೀಕ್ಷೆಯಲ್ಲಿ ತೇರ್ಗಡೆಯಾಗುವವರೆಗೆ ತೆಗೆಯಬಾರದು. ತೇರ್ಗಡೆಯಾದ ಮೇಲೆ ಅದರ ರೇಡಿಯೋ ರಿಸೀವರನ್ನು ಬಿಚ್ಚಿಡುವುದನ್ನು ಮರೆಯಬಾರದು, ಇಲ್ಲವಾದರೆ ಗೂಢಲಿಪಿಯಿಲ್ಲದ ಹಳೆಯ ಸಂಕೇತಕ್ಕೆ ಅದು ಮುಂದೆಯೂ ಕೂಗಲು ಸಿದ್ಧವಾಗಿಯೇ ಇರುತ್ತದೆ.